ಎಣಿಸುವ ಪದ, ಎಣಿಸದ ಪದ, ಜೊತೆಗೆ ಎ–ಆ್ಯನ್–ದ: ಕನ್ನಡದ ಕಿವಿಯಿಂದಲೇ ಕಲಿಯುವ ದಾರಿ

ಹೋದ ತಿಂಗಳು ಪಿಯುಸಿ ಓದುವ ಹುಡುಗಿಯೊಬ್ಬಳು ರಜಾ ಅರ್ಜಿ ಬರೆದು ನನಗೆ ತೋರಿಸಲು ತಂದಿದ್ದಳು. ಮೂರೇ ವಾಕ್ಯ. “ಮೈ ಫಾದರ್ ಈಸ್ ಫಾರ್ಮರ್. ಹಿ ಹ್ಯಾಸ್ ಮೆನಿ ವರ್ಕ್ಸ್ ಇನ್ ದ ಫೀಲ್ಡ್. ಐ ಹ್ಯಾವ್ ಟು ಹೆಲ್ಪ್ ಹಿಮ್ ಫಾರ್ ಟೂ ಡೇ.” ಸ್ಪೆಲ್ಲಿಂಗ್ ಎಲ್ಲೂ ತಪ್ಪಿರಲಿಲ್ಲ. ಆದರೆ ಮೂರೂ ವಾಕ್ಯದಲ್ಲಿ ಒಂದೊಂದು ತಪ್ಪಿತ್ತು.

“ಇದನ್ನೇ ಕನ್ನಡದಲ್ಲಿ ಹೇಳಮ್ಮ” ಅಂದೆ. “ನಮ್ಮಪ್ಪ ರೈತರು. ಹೊಲದಲ್ಲಿ ತುಂಬಾ ಕೆಲಸಗಳಿವೆ. ಎರಡು ದಿನ ನಾನು ಸಹಾಯ ಮಾಡಬೇಕು” ಅಂದಳು. ಅಚ್ಚುಕಟ್ಟಾದ ಕನ್ನಡ. ‘ರೈತರು’ ಅನ್ನುವ ಮುಂಚೆ ಕನ್ನಡದಲ್ಲಿ ‘ಒಬ್ಬ’ ಬೇಡ. ‘ಕೆಲಸಗಳು’ ಅಂದರೆ ಸರಿಯೇ. ‘ಎರಡು’ ಅಂದ ಮೇಲೆ ‘ದಿನಗಳು’ ಅನ್ನಲೇಬೇಕು ಅಂತಿಲ್ಲ. ಅವಳು ಮಾಡಿದ ತಪ್ಪು ಇಷ್ಟೇ: ಕನ್ನಡದ ಸರಿಯಾದ ಲೆಕ್ಕವನ್ನು ಇಂಗ್ಲಿಷಿಗೂ ಹಾಕಿದ್ದಳು.

ಸಂಜೆ ಹೊತ್ತು ಕನ್ನಡ ಮಾಧ್ಯಮದ ಮಕ್ಕಳಿಗೆ, ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡುತ್ತಾ ನನಗೆ ಗಟ್ಟಿಯಾದ ಒಂದು ನಂಬಿಕೆ ಇದು. ಕೌಂಟಬಲ್ (ಎಣಿಸುವ), ಅನ್‌ಕೌಂಟಬಲ್ (ಎಣಿಸದ) ನೌನ್ ಮತ್ತು ಆರ್ಟಿಕಲ್‌ಗಳನ್ನು (ಎ, ಆ್ಯನ್, ದ) ಉದ್ದುದ್ದ ಪಟ್ಟಿ ಬಾಯಿಪಾಠ ಮಾಡಿ ಕಲಿಯುವುದು ಕಷ್ಟ. ನಮ್ಮ ಕನ್ನಡಕ್ಕೆ ಇದರಲ್ಲಿ ಮುಕ್ಕಾಲು ಪಾಲು ಆಗಲೇ ಗೊತ್ತಿದೆ. ಎರಡು ಭಾಷೆಯ ದಾರಿ ಬೇರೆಯಾಗುವ ಕೆಲವೇ ಜಾಗಗಳಿವೆ. ಅಲ್ಲಿ ಮಾತ್ರ ಜಾಸ್ತಿ ಅಭ್ಯಾಸ ಬೇಕು.

ನಿಮಗೆ ಬೇಕಾದ್ದು ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ದಿನಕ್ಕೆ 15 ನಿಮಿಷ.

ಹೆಜ್ಜೆ 1: ಮೊದಲು ಅಡುಗೆಮನೆಗೆ ಹೋಗಿ

ನೋಟ್‌ಬುಕ್ಕಿನ ಒಂದು ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ‘ಎಣಿಸುವುದು’, ಬಲಕ್ಕೆ ‘ಎಣಿಸದಿದ್ದದ್ದು’ ಅಂತ ಬರೆಯಿರಿ. ಅಡುಗೆಮನೆಯಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಒಂದೊಂದು ಕಡೆ ಹಾಕುತ್ತಾ ಹೋಗಿ. ಲೋಟ, ತಟ್ಟೆ, ಸೌಟು, ಮೊಟ್ಟೆ, ನಿಂಬೆಹಣ್ಣು ಎಡಕ್ಕೆ. ನೀರು, ಹಾಲು, ಎಣ್ಣೆ, ಉಪ್ಪು, ಸಕ್ಕರೆ, ಅಕ್ಕಿ, ರಾಗಿ ಹಿಟ್ಟು ಬಲಕ್ಕೆ.

ಬಲಕ್ಕೆ ಹಾಕಿದ ಪದಕ್ಕೆ ‘ಗಳು’ ಸೇರಿಸಿ ಒಂದು ಸಲ ಜೋರಾಗಿ ಹೇಳಿ. ಹಾಲುಗಳು, ಉಪ್ಪುಗಳು, ಅಕ್ಕಿಗಳು. ಕಿವಿಗೆ ಕಸಿವಿಸಿ ಆಗುತ್ತದೆ, ಅಲ್ವಾ? ಆ ಕಸಿವಿಸಿಯೇ ಅನ್‌ಕೌಂಟಬಲ್‌ನ ಗುರುತು. ಇಂಗ್ಲಿಷ್ ಗೊತ್ತಿರುವವರಿಗೆ ‘ಮಿಲ್ಕ್ಸ್’, ‘ರೈಸಸ್’ ಅಂದಾಗ ಆಗುವುದೂ ಇದೇ.

ಅಂಗಡಿಯಲ್ಲಿ ಹೇಗೆ ಕೇಳುತ್ತೀರಿ ಅನ್ನುವುದನ್ನು ಮಾತ್ರ ಪರೀಕ್ಷೆಯಾಗಿ ಇಟ್ಟುಕೊಳ್ಳಬೇಡಿ. ಈರುಳ್ಳಿಯನ್ನು ಕೇಳುವುದು ಕಿಲೋ ಲೆಕ್ಕದಲ್ಲಿ. ಆದರೂ ಅದು ಕೌಂಟಬಲ್. ‘ಎರಡು ಈರುಳ್ಳಿ ಹೆಚ್ಚು’ ಅಂತೀವಿ, ಇಂಗ್ಲಿಷಿನಲ್ಲೂ ‘ಟೂ ಆನಿಯನ್ಸ್’. ಹಾಗಾದರೆ ಬೆಳ್ಳುಳ್ಳಿ? ಇಲ್ಲಿ ಎಚ್ಚರ. ‘ಗಾರ್ಲಿಕ್’ ಅನ್‌ಕೌಂಟಬಲ್. ‘ಟೂ ಗಾರ್ಲಿಕ್ಸ್’ ಅನ್ನುವ ಹಾಗಿಲ್ಲ. ಎರಡು ಎಸಳು ಬೇಕಾದರೆ ‘ಟೂ ಕ್ಲೋವ್ಸ್ ಆಫ್ ಗಾರ್ಲಿಕ್’.

ಕಾಳುಗಳ ಡಬ್ಬ ತೆಗೆದಾಗ ಇನ್ನೂ ಸ್ವಲ್ಪ ನಿಲ್ಲಿ. ಅಕ್ಕಿ, ಗೋಧಿ, ಜೋಳ ಎಣಿಸುವ ಹಾಗಿಲ್ಲ. ಬಟಾಣಿ, ಕಡಲೆಕಾಯಿ, ಬೀನ್ಸ್ ಎಣಿಸುತ್ತಾರೆ: ‘ಪೀಸ್’, ‘ಪೀನಟ್ಸ್’, ‘ಬೀನ್ಸ್’. ಇದರಲ್ಲಿ ಬಟಾಣಿಯ ಕಥೆ ನನಗೆ ತುಂಬಾ ಇಷ್ಟ. ಹಿಂದೆ ಇಂಗ್ಲಿಷಿನಲ್ಲಿ ಬಟಾಣಿಗೆ ‘ಪೀಸ್’ ಅನ್ನುವುದೇ ಪೂರ್ತಿ ಪದ, ಅಕ್ಕಿಯ ಹಾಗೆ ರಾಶಿಯ ಹೆಸರು. ಕೊನೆಯ ‘ಸ್’ ಕೇಳಿದ ಜನ ಅದನ್ನು ಬಹುವಚನ ಅಂದುಕೊಂಡರು. ‘ಸ್’ ತೆಗೆದು ‘ಪೀ’ ಅನ್ನುವ ಹೊಸ ಏಕವಚನ ಮಾಡಿಕೊಂಡರು. ಅಂದರೆ ಯಾವುದನ್ನು ಎಣಿಸಬೇಕು, ಯಾವುದನ್ನು ಬೇಡ ಅನ್ನುವುದು ವಸ್ತುವಿನ ಒಳಗೆ ಇರುವ ಗುಣ ಅಲ್ಲ. ಆ ಭಾಷೆಯ ಜನ ಅದನ್ನು ಹೇಗೆ ನೋಡುತ್ತಾರೆ ಅನ್ನುವುದರ ಮೇಲೆ ಹೋಗುತ್ತದೆ. ಇದು ಒಮ್ಮೆ ಮನಸ್ಸಿಗೆ ಬಂದರೆ ‘ಯಾಕೆ ಹೀಗೆ’ ಅನ್ನುವ ಸಿಟ್ಟು ಅರ್ಧ ಇಳಿಯುತ್ತದೆ.

ಎಣಿಸದ ಪದಾರ್ಥವನ್ನು ಎಣಿಸಬೇಕಾದರೆ ಏನು ಮಾಡುವುದು? ನಾವು ಕನ್ನಡದಲ್ಲಿ ಏನು ಮಾಡುತ್ತೇವೋ ಅದನ್ನೇ. ಒಂದು ಲೋಟ ನೀರು, ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಅಕ್ಕಿ, ಒಂದು ಹನಿ ಎಣ್ಣೆ, ಒಂದು ಕಟ್ಟು ಕೊತ್ತಂಬರಿ. ಇಂಗ್ಲಿಷಿನಲ್ಲಿ ಕ್ರಮವಾಗಿ ‘ಎ ಗ್ಲಾಸ್ ಆಫ್ ವಾಟರ್’, ‘ಎ ಪಿಂಚ್ ಆಫ್ ಸಾಲ್ಟ್’, ‘ಎ ಹ್ಯಾಂಡ್‌ಫುಲ್ ಆಫ್ ರೈಸ್’, ‘ಎ ಡ್ರಾಪ್ ಆಫ್ ಆಯಿಲ್’, ‘ಎ ಬಂಚ್ ಆಫ್ ಕೊರಿಯಾಂಡರ್’. ನೆನಪಿಡಬೇಕಾದ್ದು ಎರಡು. ನಡುವೆ ‘ಆಫ್’ ಬೇಕು. ಜಾಸ್ತಿ ಇದ್ದಾಗ ‘ಸ್’ ಸೇರುವುದು ಅಳತೆಗೆ, ಪದಾರ್ಥಕ್ಕಲ್ಲ: ‘ಟೂ ಗ್ಲಾಸಸ್ ಆಫ್ ವಾಟರ್’.

ಹೆಜ್ಜೆ 2: ಕನ್ನಡ ಎಣಿಸುತ್ತದೆ, ಇಂಗ್ಲಿಷ್ ಎಣಿಸುವುದಿಲ್ಲ

ಈ ಲೇಖನದಲ್ಲಿ ಒಂದೇ ಭಾಗ ಓದಲು ನಿಮಗೆ ಸಮಯ ಇದ್ದರೆ ಇದನ್ನೇ ಓದಿ. ನಮ್ಮವರ ಇಂಗ್ಲಿಷಿನಲ್ಲಿ ಅತಿ ಹೆಚ್ಚು ತಪ್ಪು ಕಾಣುವುದು ಇಲ್ಲೇ.

ನೀರು, ಉಪ್ಪಿನ ವಿಷಯದಲ್ಲಿ ನಮ್ಮ ಕಿವಿ ನಮ್ಮನ್ನು ಕಾಪಾಡುತ್ತದೆ. ಆದರೆ ಮಾಹಿತಿಗಳು, ಸಲಹೆಗಳು, ಕೆಲಸಗಳು, ಸಾಮಾನುಗಳು, ಉಪಕರಣಗಳು, ಒಡವೆಗಳು, ಸುದ್ದಿಗಳು ಅಂದರೆ ಕನ್ನಡದ ಕಿವಿಗೆ ಏನೂ ಕಸಿವಿಸಿ ಇಲ್ಲ. ಹಾಗಾಗಿ ‘ಇನ್ಫಾರ್ಮೇಷನ್ಸ್’, ‘ಅಡ್ವೈಸಸ್’, ‘ಲಗೇಜಸ್’, ‘ಇಕ್ವಿಪ್‌ಮೆಂಟ್ಸ್’, ‘ಫರ್ನಿಚರ್ಸ್’ ಸಲೀಸಾಗಿ ಬಂದುಬಿಡುತ್ತವೆ. ಇಂಗ್ಲಿಷಿನಲ್ಲಿ ಇವುಗಳಿಗೆ ‘ಸ್’ ಸೇರುವುದಿಲ್ಲ. ‘ಎ’, ‘ಆ್ಯನ್’ ಕೂಡ ಸೇರುವುದಿಲ್ಲ. ‘ಆ್ಯನ್ ಅಡ್ವೈಸ್’ ಕೂಡ ‘ಅಡ್ವೈಸಸ್’‌ನಷ್ಟೇ ತಪ್ಪು.

ಇವನ್ನು ಹಿಡಿಯಲು ನಾನು ಹೇಳಿಕೊಡುವ ದಾರಿ ಕೊಡೆಯದು. ‘ಫರ್ನಿಚರ್’ ಒಂದು ಕೊಡೆ. ಅದರ ಕೆಳಗೆ ಕುರ್ಚಿ, ಮೇಜು, ಮಂಚ ನಿಂತಿವೆ. ಕೆಳಗೆ ನಿಂತವರನ್ನು ಎಣಿಸಬಹುದು, ಕೊಡೆಯನ್ನು ಎಣಿಸುವ ಹಾಗಿಲ್ಲ. ‘ಲಗೇಜ್’ ಕೊಡೆ, ‘ಬ್ಯಾಗ್’, ‘ಸೂಟ್‌ಕೇಸ್’ ಕೆಳಗಿನವು. ‘ಜ್ಯುವೆಲರಿ’ ಕೊಡೆ, ‘ರಿಂಗ್’, ‘ಬ್ಯಾಂಗಲ್’ ಕೆಳಗಿನವು. ‘ಟ್ರಾಫಿಕ್’ ಕೊಡೆ, ಬಸ್ಸು ಕಾರು ಕೆಳಗೆ. ‘ಮನಿ’ ಕೂಡ ಕೊಡೆಯೇ. ಹಣ ಎಣಿಸಿ ಎಣಿಸಿ ಬೆರಳು ಸವೆದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಆದರೆ ನಾವು ಎಣಿಸುವುದು ನೋಟು, ನಾಣ್ಯ, ರೂಪಾಯಿ. ‘ಟೆನ್ ಮನೀಸ್’ ಅಂತ ಯಾರೂ ಹೇಳುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಇಂಥ ಹತ್ತು ಕೊಡೆ ಬಿಡಿಸಿ, ಕೆಳಗೆ ಎರಡೆರಡು ಪದ ಬರೆಯಿರಿ. ಬಿಡಿಸಿದ್ದು ಬೇಗ ಮರೆಯುವುದಿಲ್ಲ.

ಕೊಡೆಯೊಳಗೆ ಕೂರದವೂ ಇವೆ. ‘ಅಡ್ವೈಸ್’, ‘ಇನ್ಫಾರ್ಮೇಷನ್’, ‘ನ್ಯೂಸ್’ ಮೂರಕ್ಕೂ ಒಂದೇ ಬೀಗದ ಕೈ: ‘ಎ ಪೀಸ್ ಆಫ್’. ‘ಎ ಪೀಸ್ ಆಫ್ ಅಡ್ವೈಸ್’ ಅಂದರೆ ಒಂದು ಸಲಹೆ. ಲೆಕ್ಕ ಬೇಡದಿದ್ದರೆ ಸುಮ್ನೆ ‘ಸಮ್’ ಹಾಕಿ: ‘ಐ ನೀಡ್ ಸಮ್ ಇನ್ಫಾರ್ಮೇಷನ್’. ‘ನ್ಯೂಸ್’ ಕೊನೆಗೆ ‘ಸ್’ ಇದ್ದರೂ ಅದು ಏಕವಚನದ ಹಾಗೆ ನಡೆಯುತ್ತದೆ: ‘ದ ನ್ಯೂಸ್ ಈಸ್ ಗುಡ್’. ‘ಆರ್’ ಅಲ್ಲ.

ಇನ್ನು ಆ ಹುಡುಗಿಯ ‘ಮೆನಿ ವರ್ಕ್ಸ್’. ಕೆಲಸ ಅನ್ನುವ ಅರ್ಥದ ‘ವರ್ಕ್’ ಅನ್‌ಕೌಂಟಬಲ್. ‘ಹಿ ಹ್ಯಾಸ್ ಎ ಲಾಟ್ ಆಫ್ ವರ್ಕ್’ ಅನ್ನಬೇಕು. ಎಣಿಸಲೇಬೇಕಾದರೆ ‘ಜಾಬ್’ ಅಥವಾ ‘ಟಾಸ್ಕ್’ ಬಳಸಿ. ಇಲ್ಲಿ ಯಾವಾಗಲೂ ಒಬ್ಬರಾದರೂ ಕೇಳುತ್ತಾರೆ: ಪಿಡಬ್ಲ್ಯುಡಿ ಅಂದರೆ ‘ಪಬ್ಲಿಕ್ ವರ್ಕ್ಸ್ ಡಿಪಾರ್ಟ್‌ಮೆಂಟ್’, ಅದು ತಪ್ಪೇ? ಒಳ್ಳೆಯ ಪ್ರಶ್ನೆ. ಅದು ಸರಿ. ಅಲ್ಲಿ ‘ವರ್ಕ್ಸ್’ ಅಂದರೆ ರಸ್ತೆ, ಸೇತುವೆ, ಕಟ್ಟಡದಂಥ ನಿರ್ಮಾಣಗಳು. ಒಬ್ಬ ಕಲಾವಿದ ಮಾಡಿದ ಕೃತಿಗಳಿಗೂ ‘ವರ್ಕ್ಸ್’ ಅಂತಾರೆ. ಅರ್ಥ ಬದಲಾದಾಗ ಲೆಕ್ಕವೂ ಬದಲಾಗುತ್ತದೆ.

ಆಫೀಸಿನಲ್ಲಿ ಕೆಲಸ ಮಾಡುವವರು ಇನ್ನೊಂದು ಗುಂಪನ್ನು ಪ್ರತ್ಯೇಕವಾಗಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ: ‘ಸಾಫ್ಟ್‌ವೇರ್’, ‘ಹಾರ್ಡ್‌ವೇರ್’, ‘ಫೀಡ್‌ಬ್ಯಾಕ್’, ‘ಹೋಮ್‌ವರ್ಕ್’, ‘ರಿಸರ್ಚ್’, ‘ಸ್ಟೇಷನರಿ’, ‘ಪ್ರೋಗ್ರೆಸ್’. ಯಾವುದಕ್ಕೂ ‘ಸ್’ ಬೇಡ. ಪ್ರೋಗ್ರಾಂ ಬರೆಯುವವರು ‘ಐ ರೋಟ್ ಎ ಕೋಡ್’ ಅನ್ನುವುದನ್ನು ದಿನಾ ಕೇಳುತ್ತೇನೆ. ‘ಸಮ್ ಕೋಡ್’ ಅನ್ನಿ. ‘ಎ ಕೋಡ್’ ಅಂದರೆ ಬೀಗ ತೆರೆಯುವ ಗುಟ್ಟಿನ ಸಂಖ್ಯೆಯಂಥದ್ದು ಅನ್ನುವ ಅರ್ಥ ಬರುತ್ತದೆ. ‘ಮೇಲ್’ ಎಣಿಸುವ ಹಾಗಿಲ್ಲ, ‘ಇಮೇಲ್’ ಎಣಿಸಬಹುದು. ‘ಸ್ಟಾಫ್’ ಅಂದರೆ ಇಡೀ ಸಿಬ್ಬಂದಿ ವರ್ಗ. ಮೂವರಿದ್ದರೆ ‘ತ್ರೀ ಸ್ಟಾಫ್ ಮೆಂಬರ್ಸ್’.

ಅನುಮಾನ ಬಂದರೆ ಡಿಕ್ಷನರಿ ತೆರೆಯಿರಿ. ಆದರೆ ಕಲಿಯುವವರಿಗಾಗಿ ಮಾಡಿದ ಡಿಕ್ಷನರಿಯನ್ನೇ ನೋಡಿ. ಅದರಲ್ಲಿ ಪದದ ಪಕ್ಕ ಸಿ ಅಥವಾ ಯು ಅನ್ನುವ ಇಂಗ್ಲಿಷ್ ಅಕ್ಷರ ಇರುತ್ತದೆ. ಸಿ ಅಂದರೆ ಕೌಂಟಬಲ್, ಯು ಅಂದರೆ ಅನ್‌ಕೌಂಟಬಲ್. ಎರಡೂ ಇದ್ದರೆ ಅರ್ಥ ನೋಡಿ ಬಳಸಬೇಕು. ಹೀಗೆ ಗುರುತು ಹಾಕಿದ ಮೊದಲ ಡಿಕ್ಷನರಿಗಳಲ್ಲಿ ಒಂದು ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ಜಪಾನಿನಲ್ಲಿ. ಅಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಎ. ಎಸ್. ಹಾರ್ನ್‌ಬಿ ಮತ್ತು ಅವರ ಜೊತೆಗಾರರು ಅದನ್ನು 1942ರಲ್ಲಿ ತಂದರು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನೇ ಮತ್ತೆ ಅಚ್ಚು ಹಾಕಿತು. ಜಪಾನಿ ಭಾಷೆಯಲ್ಲೂ ನಮ್ಮ ಹಾಗೆ ಆರ್ಟಿಕಲ್ ಇಲ್ಲ. ನಮ್ಮಂಥವರ ಕಷ್ಟ ಹತ್ತಿರದಿಂದ ಕಂಡವರು ಹಾಕಿದ ಗುರುತು ಅದು. ಅದನ್ನು ಬಳಸದೆ ಬಿಡಬೇಡಿ.

ಹೆಜ್ಜೆ 3: ಒಂದೇ ಪದ, ಎರಡು ಲೆಕ್ಕ

ತಲೆಯ ಮೇಲಿನ ಕೂದಲು ಅನ್‌ಕೌಂಟಬಲ್: ‘ಶಿ ಹ್ಯಾಸ್ ಲಾಂಗ್ ಹೇರ್’. ಅದೇ ಕೂದಲು ಸಾಂಬಾರಿನಲ್ಲಿ ಒಂದೆಳೆ ಸಿಕ್ಕಿದರೆ ಎಣಿಕೆಗೆ ಬಂತು: ‘ದೇರ್ ಈಸ್ ಎ ಹೇರ್ ಇನ್ ದ ಸಾಂಬಾರ್’.

ಇಂಥ ಜೋಡಿಗಳು ಬೇಕಾದಷ್ಟಿವೆ. ‘ಐರನ್’ ಅಂದರೆ ಕಬ್ಬಿಣ, ‘ಆ್ಯನ್ ಐರನ್’ ಅಂದರೆ ಇಸ್ತ್ರಿ ಪೆಟ್ಟಿಗೆ. ‘ಗ್ಲಾಸ್’ ಗಾಜು, ‘ಎ ಗ್ಲಾಸ್’ ಲೋಟ. ‘ಪೇಪರ್’ ಕಾಗದ, ‘ಎ ಪೇಪರ್’ ಪರೀಕ್ಷೆಯ ಪತ್ರಿಕೆ ಅಥವಾ ನ್ಯೂಸ್‌ಪೇಪರ್. ‘ಐ ಏಟ್ ಚಿಕನ್’ ಅಂದರೆ ಕೋಳಿ ಸಾರು ತಿಂದೆ. ‘ಐ ಏಟ್ ಎ ಚಿಕನ್’ ಅಂದರೆ ಇಡೀ ಕೋಳಿ ಮುಗಿಸಿದೆ ಅಂತಾಯಿತು. ಕಾಫಿ ಪುಡಿಯಾಗಿ, ಪಾನೀಯವಾಗಿ ಅನ್‌ಕೌಂಟಬಲ್. ಹೋಟೆಲಿನಲ್ಲಿ ‘ಎರಡು ಕಾಫಿ ಕೊಡಿ’ ಅನ್ನುವಂತೆ ‘ಟೂ ಕಾಫೀಸ್, ಪ್ಲೀಸ್’ ಅನ್ನಬಹುದು. ಅಲ್ಲಿ ಲೋಟ, ಕಪ್ಪು ಮಾತಿನೊಳಗೇ ಅಡಗಿರುತ್ತದೆ.

ಹೆಜ್ಜೆ 4: ‘ಎಷ್ಟು’, ‘ಸ್ವಲ್ಪ’

ಮೊದಲು ಸುಲಭದ್ದು. ಸಂಖ್ಯೆ ಒಂದಕ್ಕಿಂತ ಜಾಸ್ತಿ ಇದ್ದರೆ ಕೌಂಟಬಲ್ ಪದಕ್ಕೆ ಬಹುವಚನ ಬೇಕೇ ಬೇಕು, ಸಾಮಾನ್ಯವಾಗಿ ಕೊನೆಗೆ ‘ಸ್’. ನಾವು ‘ನಾಲ್ಕು ಮೊಟ್ಟೆ’, ‘ಹತ್ತು ಪುಸ್ತಕ’ ಅಂತ ನಿಲ್ಲಿಸುತ್ತೇವೆ. ಇಂಗ್ಲಿಷ್ ಹಾಗೆ ನಿಲ್ಲಿಸುವುದಿಲ್ಲ: ‘ಫೋರ್ ಎಗ್ಸ್’, ‘ಟೂ ಡೇಸ್’. ಸಂಖ್ಯೆ ಬರೆದ ಕೂಡಲೇ ಪೆನ್ಸಿಲ್ ಮುಂದಿನ ಪದದ ಕೊನೆಗೆ ಹೋಗಿ ನೋಡಲಿ. ಒಂದು ವಾರ ಇದನ್ನು ಮಾಡಿದರೆ ಕೈಗೆ ಅಭ್ಯಾಸ ಕೂರುತ್ತದೆ.

ನಮ್ಮ ‘ಎಷ್ಟು’ ಎರಡಕ್ಕೂ ನಡೆಯುತ್ತದೆ. ಎಷ್ಟು ಹಾಲು, ಎಷ್ಟು ಮೊಟ್ಟೆ. ಇಂಗ್ಲಿಷಿನಲ್ಲಿ ಎಣಿಸುವುದಕ್ಕೆ ‘ಹೌ ಮೆನಿ’, ಎಣಿಸದ್ದಕ್ಕೆ ‘ಹೌ ಮಚ್’. ಹೆಜ್ಜೆ 1ರ ಎರಡು ಸಾಲು ಸರಿಯಾಗಿದ್ದರೆ ಇದು ತಾನಾಗೇ ಬರುತ್ತದೆ. ‘ಎ ಲಾಟ್ ಆಫ್’ ಎರಡಕ್ಕೂ ಆಗುತ್ತದೆ, ಮಾತಾಡುವಾಗ ಅನುಮಾನ ಬಂದರೆ ಅದನ್ನೇ ಬಳಸಿ.

‘ಸ್ವಲ್ಪ’ದ ವಿಷಯ ಸೂಕ್ಷ್ಮ. ಎಣಿಸುವುದಕ್ಕೆ ‘ಫ್ಯೂ’, ಎಣಿಸದ್ದಕ್ಕೆ ‘ಲಿಟಲ್’. ಹಿಂದೆ ‘ಎ’ ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ‘ಐ ಹ್ಯಾವ್ ಎ ಲಿಟಲ್ ಮನಿ’ ಅಂದರೆ ಸ್ವಲ್ಪ ದುಡ್ಡಿದೆ, ಕಾಫಿಗಾಗುತ್ತದೆ. ‘ಐ ಹ್ಯಾವ್ ಲಿಟಲ್ ಮನಿ’ ಅಂದರೆ ದುಡ್ಡು ಅಷ್ಟಾಗಿ ಇಲ್ಲ. ‘ಎ’ ಒಂದು ಬಿಟ್ಟುಹೋದರೆ ಸಮಾಧಾನದ ಮಾತು ಕೊರತೆಯ ಮಾತಾಗುತ್ತದೆ.

ಹೆಜ್ಜೆ 5: ‘ಎ’ಯೋ ‘ಆ್ಯನ್’ಓ? ಕನ್ನಡದಲ್ಲಿ ಬರೆದು ನೋಡಿ

‘ಎ, ಇ, ಐ, ಓ, ಯು ಬಂದರೆ ಆ್ಯನ್’ ಅಂತ ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಅದನ್ನು ಇವತ್ತೇ ಮರೆತುಬಿಡಿ. ಇಂಗ್ಲಿಷ್ ಅಕ್ಷರ ಮುಖ್ಯ ಅಲ್ಲ, ಬಾಯಿಂದ ಬರುವ ಸದ್ದು ಮುಖ್ಯ. ಸದ್ದನ್ನು ಇದ್ದ ಹಾಗೆ ಬರೆಯಲು ನಮ್ಮ ಕೈಯಲ್ಲಿ ಕನ್ನಡ ಲಿಪಿ ಇದೆ. ಬೇರೆ ಯಾವ ಗ್ರಾಮರ್ ಪುಸ್ತಕವೂ ಬೇಡ.

ಮುಂದಿನ ಪದವನ್ನು ಕನ್ನಡದಲ್ಲಿ ಬರೆಯಿರಿ. ಮೊದಲ ಅಕ್ಷರ ಸ್ವರವಾದರೆ ‘ಆ್ಯನ್’, ವ್ಯಂಜನವಾದರೆ ‘ಎ’. ಗಂಟೆ ಅನ್ನುವ ಇಂಗ್ಲಿಷ್ ಪದ ಎಚ್‌ನಿಂದ ಶುರುವಾದರೂ ಕನ್ನಡದಲ್ಲಿ ‘ಅವರ್’. ‘ಅ’ ಸ್ವರ, ಹಾಗಾಗಿ ‘ಆ್ಯನ್ ಅವರ್’. ‘ಹೋಟೆಲ್’ ‘ಹ’ದಿಂದ, ‘ಎ ಹೋಟೆಲ್’. ‘ಯೂನಿಫಾರ್ಮ್’, ‘ಯೂನಿವರ್ಸಿಟಿ’, ‘ಯುರೋಪಿಯನ್’ ಮೂರೂ ‘ಯ’ದಿಂದ, ಮೂರಕ್ಕೂ ‘ಎ’. ‘ಅಂಬ್ರೆಲಾ’ ‘ಅ’ದಿಂದ, ಅದಕ್ಕೆ ‘ಆ್ಯನ್’.

ದಿನಾ ಬಳಸುವ ಗಿಡ್ಡ ಹೆಸರುಗಳಲ್ಲಿ ಈ ಉಪಾಯ ತುಂಬಾ ಕೆಲಸಕ್ಕೆ ಬರುತ್ತದೆ. ಎಂಎಲ್‌ಎ, ಎಸ್‌ಎಂಎಸ್, ಎಫ್‌ಐಆರ್, ಎಕ್ಸ್‌ರೇ, ಎಲ್‌ಐಸಿ ಪಾಲಿಸಿ, ಐಎಎಸ್ ಆಫೀಸರ್, ಆರ್‌ಟಿಓ ಎಲ್ಲ ಸ್ವರದಿಂದ. ಎಲ್ಲಕ್ಕೂ ‘ಆ್ಯನ್’. ಬಿಎಂಟಿಸಿ ಬಸ್, ಕೆಎಸ್‌ಆರ್‌ಟಿಸಿ ಬಸ್, ಪ್ಯಾನ್ ಕಾರ್ಡ್, ಯುಪಿಐ ಪೇಮೆಂಟ್ ವ್ಯಂಜನದಿಂದ. ಇವಕ್ಕೆ ‘ಎ’.

ಎರಡು ಕಡೆ ಮಾತ್ರ ಹುಷಾರು. ನಾವು ಮಾತಿನಲ್ಲಿ ‘ಎಗ್’ ಅನ್ನುವುದನ್ನು ‘ಯೆಗ್’ ಅಂತ, ‘ಎಂಎಲ್‌ಎ’ಯನ್ನು ‘ಯೆಮ್ಮೆಲ್ಲೆ’ ಅಂತ ಎಳೆಯುತ್ತೇವೆ. ಬರೆಯುವಾಗ ಆ ‘ಯ’ ತೆಗೆದುಬಿಡಿ. ಇನ್ನೊಂದು, ‘ಒನ್’. ಇದನ್ನು ಕನ್ನಡದಲ್ಲಿ ‘ಒ’ದಿಂದ ಬರೆಯುತ್ತೇವೆ, ಆದರೆ ಇಂಗ್ಲಿಷಿನ ಉಚ್ಚಾರ ‘ವನ್’. ಹಾಗಾಗಿ ‘ಎ ಒನ್ ರೂಪೀ ಕಾಯಿನ್’.

ನೋಡಬೇಕಾದ್ದು ಪಕ್ಕದಲ್ಲೇ ಇರುವ ಪದ, ನಾಮಪದ ಅಲ್ಲ. ‘ಎ ರೈಪ್ ಮ್ಯಾಂಗೊ’, ಆದರೆ ‘ಆ್ಯನ್ ಅನ್‌ರೈಪ್ ಮ್ಯಾಂಗೊ’. ಇದೇ ಪರೀಕ್ಷೆ ‘ದ’ಕ್ಕೂ ಆಗುತ್ತದೆ: ವ್ಯಂಜನದ ಮುಂದೆ ‘ದ’, ಸ್ವರದ ಮುಂದೆ ‘ದಿ’ ಅಂತ ಉಚ್ಚರಿಸುತ್ತಾರೆ.

ಈ ‘ಆ್ಯನ್’ ಇಂಗ್ಲಿಷ್ ಮಾತಾಡುವವರನ್ನೂ ಎಡವಿಸಿದೆ. ಕ್ರಿಕೆಟ್ಟಿನ ‘ಅಂಪೈರ್’ ಹಿಂದೆ ‘ನ’ಕಾರದಿಂದ ಶುರುವಾಗುತ್ತಿದ್ದ ಪದ. ಹಿಂದೆ ‘ಎ’ ಸೇರಿ ಸೇರಿ, ಆ ‘ನ್’ ಆರ್ಟಿಕಲ್‌ನದ್ದು ಅಂತ ಜನರ ಕಿವಿಗೆ ಕೇಳಿತು. ‘ಆ್ಯನ್ ಅಂಪೈರ್’ ಆಗಿ ಉಳಿಯಿತು. ‘ಏಪ್ರನ್’ ಕೂಡ ಹೀಗೇ ‘ನ’ ಕಳೆದುಕೊಂಡದ್ದು.

ಹೆಜ್ಜೆ 6: ಒಂಟಿ ಪದಕ್ಕೆ ಜೊತೆ ಬೇಕು

ಒಂದೇ ಒಂದು ನಿಯಮ ಬಾಯಿಪಾಠ ಮಾಡಿ ಅಂತ ನಾನು ಹೇಳುವುದಾದರೆ ಇದು: ಏಕವಚನದ ಕೌಂಟಬಲ್ ಪದ ಇಂಗ್ಲಿಷ್ ವಾಕ್ಯದಲ್ಲಿ ಸಾಮಾನ್ಯವಾಗಿ ಒಂಟಿಯಾಗಿ ನಿಲ್ಲುವುದಿಲ್ಲ. ಅದರ ಮುಂಚೆ ‘ಎ’, ‘ದ’, ‘ಮೈ’, ‘ದಿಸ್’, ‘ಎವ್ರಿ’, ‘ಒನ್’ ಹೀಗೆ ಏನಾದರೂ ಒಂದು ಬೇಕು. ‘ಐ ಹ್ಯಾವ್ ಸೈಕಲ್’ ಆಗುವುದಿಲ್ಲ. ‘ಎ ಸೈಕಲ್’, ‘ದ ಸೈಕಲ್’, ‘ಮೈ ಸೈಕಲ್’ ಏನಾದರೂ ಅನ್ನಿ.

ಉದ್ಯೋಗ ಹೇಳುವಾಗ ಇದು ಎಲ್ಲಕ್ಕಿಂತ ಜಾಸ್ತಿ ತಪ್ಪುತ್ತದೆ. ‘ನಮ್ಮಕ್ಕ ಇಂಜಿನಿಯರ್’ ಅನ್ನುವಲ್ಲಿ ಕನ್ನಡಕ್ಕೆ ‘ಒಬ್ಬಳು’ ಬೇಡ. ಇಂಗ್ಲಿಷಿಗೆ ಬೇಕು: ‘ಶಿ ಈಸ್ ಆ್ಯನ್ ಇಂಜಿನಿಯರ್’. ಆ ಹುಡುಗಿಯ ಮೊದಲ ವಾಕ್ಯವೂ ‘ಮೈ ಫಾದರ್ ಈಸ್ ಎ ಫಾರ್ಮರ್’ ಆಗಬೇಕಿತ್ತು. ನಿಮ್ಮ ಮನೆಯವರ, ನೆಂಟರ, ಬೀದಿಯವರ ಉದ್ಯೋಗ ಹೇಳುವ ಇಪ್ಪತ್ತು ವಾಕ್ಯ ಬರೆಯಿರಿ. ಬರೆದು ಜೋರಾಗಿ ಓದಿ. ಇಪ್ಪತ್ತಾಗುವಷ್ಟರಲ್ಲಿ ‘ಎ’ ಇಲ್ಲದ ವಾಕ್ಯ ಕಿವಿಗೆ ಬೋಳಾಗಿ ಕೇಳಲು ಶುರುವಾಗುತ್ತದೆ.

ಹೆಜ್ಜೆ 7: ‘ದ’ ನಮಗೂ ಗೊತ್ತು

‘ಕನ್ನಡದಲ್ಲಿ ದ ಇಲ್ಲ, ಅದಕ್ಕೇ ನಮಗೆ ಬರೋದಿಲ್ಲ’ ಅಂತ ಎಷ್ಟೋ ಜನ ಹೇಳುತ್ತಾರೆ. ಪದ ಇಲ್ಲ, ನಿಜ. ಆದರೆ ಅದು ಮಾಡುವ ಕೆಲಸವನ್ನು ಕನ್ನಡ ಮೂರು ರೀತಿ ಮಾಡುತ್ತದೆ. ಈ ಮೂರನ್ನೂ ನಿಧಾನವಾಗಿ ನೋಡಿ.

ಮೊದಲನೆಯದು ಅಜ್ಜಿ ಕಥೆ. ‘ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಹೆಂಡತಿಯರು.’ ರಾಜ ಮೊದಲ ಸಲ ಬಂದಾಗ ‘ಒಬ್ಬ’. ಎರಡನೇ ಸಲ ‘ಆ’. ಇಂಗ್ಲಿಷಿನಲ್ಲೂ ಮೊದಲು ‘ಎ ಕಿಂಗ್’, ಆಮೇಲೆ ‘ದ ಕಿಂಗ್’. ಇದು ಸುಮ್ನೆ ಹೋಲಿಕೆ ಅಲ್ಲ. ‘ಎ’, ‘ಆ್ಯನ್’ ಎರಡೂ ಹುಟ್ಟಿದ್ದು ಹಳೆಯ ಇಂಗ್ಲಿಷಿನ ‘ಒಂದು’ ಅನ್ನುವ ಪದದಿಂದ. ‘ದ’ ಹುಟ್ಟಿದ್ದು ‘ಅದು’, ‘ಆ’ ಅಂತ ಬೆರಳು ತೋರಿಸುವ ಪದಗಳ ಮನೆಯಲ್ಲಿ. ಗೊತ್ತಿರುವ ಒಂದು ಕಥೆಯನ್ನು ಇಂಗ್ಲಿಷಿನಲ್ಲಿ ಬರೆದು, ‘ಒಂದು, ಒಬ್ಬ’ ಬರುವ ಕಡೆ ‘ಎ’, ‘ಆ’ ಬರುವ ಕಡೆ ‘ದ’ ಇಟ್ಟು ನೋಡಿ. ಬಹುಪಾಲು ಸರಿಯಾಗಿರುತ್ತದೆ.

ಎರಡನೆಯದು ‘ಅನ್ನು’. ‘ಅಂಗಡಿಯಿಂದ ಪೆನ್ನು ತಂದೆ’ ಅಂದರೆ ಯಾವುದೋ ಒಂದು ಪೆನ್ನು: ‘ಐ ಬಾಟ್ ಎ ಪೆನ್’. ‘ಪೆನ್ನನ್ನು ಎಲ್ಲೋ ಕಳೆದುಕೊಂಡೆ’ ಅಂದರೆ ಇಬ್ಬರಿಗೂ ಗೊತ್ತಿರುವ ಪೆನ್ನು: ‘ಐ ಲಾಸ್ಟ್ ದ ಪೆನ್’. ಅವರು ಮನೆ ಕಟ್ಟಿದರು, ‘ಎ ಹೌಸ್’. ಆಮೇಲೆ ಮನೆಯನ್ನು ಮಾರಿದರು, ‘ದ ಹೌಸ್’. ಈ ಪರೀಕ್ಷೆ ವಸ್ತುಗಳಿಗೆ ಮಾತ್ರ. ಮನುಷ್ಯರಿಗೆ ‘ಅನ್ನು’ ಯಾವಾಗಲೂ ಬರುತ್ತದೆ, ‘ಹುಡುಗನನ್ನು ನೋಡಿದೆ’ ಅನ್ನಲೇಬೇಕು. ಅಚ್ಚಿನ ಕನ್ನಡದಲ್ಲಿ ‘ಅನ್ನು’ ಎಲ್ಲ ಕಡೆ ಹಾಕುತ್ತಾರೆ. ಹಾಗಾಗಿ ಮನೆಯಲ್ಲಿ ಹೇಗೆ ಮಾತಾಡುತ್ತೀರೋ ಹಾಗೆ ಹೇಳಿಕೊಂಡು ನೋಡಿ.

ಮೂರನೆಯದು ಪದ ಕೂರುವ ಜಾಗ. ‘ಅಂಗಳದಲ್ಲಿ ಹಸು ಇದೆ.’ ‘ಹಸು ಅಂಗಳದಲ್ಲಿದೆ.’ ಎರಡೂ ಒಂದೇ ಅಲ್ಲ. ಮೊದಲನೆಯದು ಹೊಸ ವಿಷಯ: ‘ದೇರ್ ಈಸ್ ಎ ಕೌ ಇನ್ ದ ಯಾರ್ಡ್’. ಎರಡನೆಯದು ‘ಹಸು ಎಲ್ಲಿ’ ಅಂತ ಹುಡುಕುವವರಿಗೆ ಕೊಡುವ ಉತ್ತರ: ‘ದ ಕೌ ಈಸ್ ಇನ್ ದ ಯಾರ್ಡ್’. ಇಂಗ್ಲಿಷ್ ‘ಎ’, ‘ದ’ ಇಟ್ಟು ಹೇಳುವುದನ್ನು ನಾವು ಪದದ ಜಾಗ ಬದಲಿಸಿ ಹೇಳುತ್ತೇವೆ. ಇದನ್ನು ಮೊದಲ ಸಲ ಗಮನಿಸಿದಾಗ ನನಗಾದ ಖುಷಿ ಇನ್ನೂ ನೆನಪಿದೆ.

ಇದರಾಚೆಗೆ ‘ದ’ ಬರುವ ಕೆಲವು ಗಟ್ಟಿ ಜಾಗಗಳಿವೆ. 1) ಒಂದೇ ಒಂದು ಇರುವಂಥವು: ‘ದ ಸನ್’, ‘ದ ಮೂನ್’. 2) ‘ಎಲ್ಲಕ್ಕಿಂತ’ ಅನ್ನುವ ಮಾತು: ‘ಮುಳ್ಳಯ್ಯನಗಿರಿ ಈಸ್ ದ ಹೈಯೆಸ್ಟ್ ಪೀಕ್ ಇನ್ ಕರ್ನಾಟಕ’. 3) ನದಿ, ಸಮುದ್ರ, ಬೆಟ್ಟಗಳ ಸಾಲು: ‘ದ ಕಾವೇರಿ’, ‘ದಿ ಅರೇಬಿಯನ್ ಸೀ’, ‘ದ ವೆಸ್ಟರ್ನ್ ಘಾಟ್ಸ್’. ಆದರೆ ಒಂಟಿ ಬೆಟ್ಟಕ್ಕೆ ಬೇಡ, ಮೇಲಿನ ವಾಕ್ಯದಲ್ಲೇ ಮುಳ್ಳಯ್ಯನಗಿರಿಗೆ ‘ದ’ ಇಲ್ಲ ನೋಡಿ.

ಹೆಜ್ಜೆ 8: ಏನೂ ಬೇಡದ ಜಾಗ

‘ದ’ ಕಲಿತ ಹೊಸದರಲ್ಲಿ ಎಲ್ಲ ಕಡೆ ಅದನ್ನೇ ಹಾಕುವ ಚಟ ಹಿಡಿಯುತ್ತದೆ. ‘ದ ಹನಿ ಈಸ್ ಗುಡ್ ಫಾರ್ ಹೆಲ್ತ್’ ಅಂತ ಬರೆಯುತ್ತಾರೆ. ಜೇನುತುಪ್ಪದ ಬಗ್ಗೆ ಒಟ್ಟಾರೆಯಾಗಿ ಹೇಳುವಾಗ ಏನೂ ಬೇಡ: ‘ಹನಿ ಈಸ್ ಗುಡ್ ಫಾರ್ ಹೆಲ್ತ್’. ನೀವು ಕೊಡಗಿನಿಂದ ತಂದ ಆ ಬಾಟಲಿಯ ಜೇನಿನ ಮಾತಾದರೆ ‘ದ ಹನಿ’. ಎಣಿಸುವ ಪದವಾದರೆ ಒಟ್ಟಾರೆ ಮಾತಿಗೆ ಬಹುವಚನ ಹಾಕಿ: ‘ನನಗೆ ಮಾವಿನಹಣ್ಣು ಇಷ್ಟ’ ಅನ್ನುವುದಕ್ಕೆ ‘ಐ ಲೈಕ್ ಮ್ಯಾಂಗೋಸ್’.

ಊರು, ವ್ಯಕ್ತಿ, ಭಾಷೆ, ಊಟ, ಆಟದ ಹೆಸರುಗಳಿಗೆ ಸಾಮಾನ್ಯವಾಗಿ ಬೇಡ: ಮೈಸೂರು, ಕನ್ನಡ, ಲಂಚ್, ಕ್ರಿಕೆಟ್. ‘ಬೈ ಬಸ್’, ‘ಅಟ್ ಹೋಮ್’ ಹಾಗೇ ಕಲಿಯಿರಿ. ಹೆಚ್ಚಿನ ದೇಶಗಳಿಗೂ ಬೇಡ, ಆದರೆ ‘ದ ಯುಎಸ್’, ‘ದ ಯುಕೆ’, ‘ದ ನೆದರ್ಲೆಂಡ್ಸ್’ಗೆ ಬೇಕು. ಓದಲು ಶಾಲೆಗೆ ಹೋಗುವ ಮಗು ‘ಗೋಸ್ ಟು ಸ್ಕೂಲ್’. ಫೀಸ್ ಕಟ್ಟಲು ಹೋಗುವ ಅಪ್ಪ ‘ಗೋಸ್ ಟು ದ ಸ್ಕೂಲ್’.

ಹೆಜ್ಜೆ 9: ದಿನದ 15 ನಿಮಿಷ

ಮೊದಲ ವಾರ ಹೆಜ್ಜೆ 1 ಮತ್ತು 2 ಮಾತ್ರ. ದಿನಾ ಒಂದು ಜಾಗ ಆರಿಸಿ: ಅಡುಗೆಮನೆ, ಬಸ್ ನಿಲ್ದಾಣ, ಆಫೀಸು, ಸಂತೆ. ಅಲ್ಲಿ ಕಂಡ ಇಪ್ಪತ್ತು ಪದ ಎರಡು ಸಾಲಿಗೆ ಹಂಚಿ, ಅನುಮಾನ ಬಂದದ್ದನ್ನು ಡಿಕ್ಷನರಿಯಲ್ಲಿ ನೋಡಿ.

ಎರಡನೇ ವಾರದಿಂದ ಇಂಗ್ಲಿಷ್ ಪತ್ರಿಕೆಯ ಒಂದು ಸಣ್ಣ ಸುದ್ದಿ ತಗೊಳ್ಳಿ. ಹೆಡ್‌ಲೈನ್ ಬೇಡ. ಜಾಗ ಉಳಿಸಲು ಅದರಲ್ಲಿ ಆರ್ಟಿಕಲ್‌ಗಳನ್ನು ಬಿಟ್ಟಿರುತ್ತಾರೆ, ಅದನ್ನು ನೋಡಿ ಕಲಿತರೆ ತಪ್ಪು ಅಭ್ಯಾಸ ಕೂರುತ್ತದೆ. ಸುದ್ದಿಯ ಎಂಟು ಹತ್ತು ಸಾಲನ್ನು ‘ಎ, ಆ್ಯನ್, ದ’ ಬಿಟ್ಟು ನೋಟ್‌ಬುಕ್ಕಿಗೆ ಇಳಿಸಿ. ಪತ್ರಿಕೆ ಮುಚ್ಚಿಡಿ. ಮಾರನೇ ದಿನ ಪೆನ್ಸಿಲಿನಲ್ಲಿ ತುಂಬಿ, ಪತ್ರಿಕೆ ತೆರೆದು ಹೋಲಿಸಿ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ. ತಪ್ಪಾದ ಪ್ರತಿ ಜಾಗದ ಪಕ್ಕ ಕಾರಣವನ್ನು ಕನ್ನಡದಲ್ಲಿ ಬರೆಯಿರಿ: ‘ಎರಡನೇ ಸಲ ಬಂದಿದೆ, ಅದಕ್ಕೆ ದ’, ‘ಒಟ್ಟಾರೆ ಮಾತು, ಏನೂ ಬೇಡ’. ಕಾರಣ ಬರೆಯದಿದ್ದರೆ ಅದೇ ತಪ್ಪು ಮತ್ತೆ ಬರುತ್ತದೆ.

ತಿಂಗಳ ಕೊನೆಗೆ ನೀವೇ ಕಳಿಸಿದ ಹಳೆಯ ಇಂಗ್ಲಿಷ್ ಇಮೇಲ್, ವಾಟ್ಸ್‌ಆ್ಯಪ್ ಸಂದೇಶ ತೆರೆದು ತಿದ್ದಿ. ಒಟ್ಟು ಎಷ್ಟು ತಪ್ಪು ಅಂತ ನೋಡಬೇಡಿ. ಯಾವ ಹೆಜ್ಜೆಯ ತಪ್ಪು ಜಾಸ್ತಿ ಇದೆ ಅಂತ ನೋಡಿ, ಆ ಹೆಜ್ಜೆಗೆ ಮತ್ತೆ ಒಂದು ವಾರ ಕೊಡಿ.

ಈಗ ಇದನ್ನು ತುಂಬಿ

ಕೆಳಗಿನದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ತುಂಬಿ. ಕೆಲವು ಕಡೆ ಖಾಲಿ ಬಿಡುವುದೇ ಸರಿ. ಉತ್ತರ ಆಮೇಲೆ ನೋಡಿ.

“ಮೈ ಅಂಕಲ್ ಈಸ್ (1)___ ಇಲೆಕ್ಟ್ರಿಷಿಯನ್. ಹಿ ಲಿವ್ಸ್ ಇನ್ (2)___ ಸ್ಮಾಲ್ ಹೌಸ್ ಇನ್ (3)___ ಸಕಲೇಶಪುರ. ಲಾಸ್ಟ್ ವೀಕ್ ಹಿ ಬಾಟ್ (4)___ ಯೂಸ್ಡ್ ಸ್ಕೂಟರ್ ಅಂಡ್ (5)___ ಓಲ್ಡ್ ಲ್ಯಾಡರ್. (6)___ ಸ್ಕೂಟರ್ ಈಸ್ ಗುಡ್, ಬಟ್ (7)___ ಲ್ಯಾಡರ್ ಈಸ್ ಬ್ರೋಕನ್. ಹಿ ಲವ್ಸ್ (8)___ ಮ್ಯೂಸಿಕ್. ಹಿ ಗೇವ್ ಮಿ (9)___ ಅಡ್ವೈಸ್. ಆಫ್ಟರ್ (10)___ ಲಂಚ್ ವಿ ವಾಕ್ಡ್ ಅಲಾಂಗ್ (11)___ ಹೇಮಾವತಿ.”

ಉತ್ತರ ಹೀಗೆ. 1 ‘ಆ್ಯನ್’, ಉದ್ಯೋಗ, ಪದ ‘ಇ’ದಿಂದ ಶುರು. 2 ‘ಎ’, ಮನೆ ಮೊದಲ ಸಲ ಮಾತಿಗೆ ಬಂತು. 3 ಖಾಲಿ, ಊರಿನ ಹೆಸರು. 4 ‘ಎ’, ಯಾಕೆಂದರೆ ‘ಯೂಸ್ಡ್’ ಶುರುವಾಗುವುದು ‘ಯ’ದಿಂದ. 5 ‘ಆ್ಯನ್’, ಪಕ್ಕದ ಪದ ‘ಓಲ್ಡ್’. 6 ಮತ್ತು 7 ‘ದ’, ಎರಡೂ ಎರಡನೇ ಸಲ ಬಂದಿವೆ. 8 ಖಾಲಿ, ಸಂಗೀತದ ಬಗ್ಗೆ ಒಟ್ಟಾರೆ ಮಾತು. 9 ‘ಸಮ್’ ಅಥವಾ ‘ಎ ಪೀಸ್ ಆಫ್’. 10 ಖಾಲಿ. 11 ‘ದ’, ನದಿ.

4 ಅಥವಾ 5 ತಪ್ಪಿದ್ದರೆ ಹೆಜ್ಜೆ 5 ಮತ್ತೆ ಓದಿ. 9ರಲ್ಲಿ ‘ಆ್ಯನ್’ ಬರೆದಿದ್ದರೆ ನಾಳೆಯ 15 ನಿಮಿಷವನ್ನು ಹತ್ತು ಕೊಡೆ ಬಿಡಿಸಲು ಇಟ್ಟುಕೊಳ್ಳಿ.